ಭಂಗಾರ, ಬಂಗಾರ ಮತ್ತು ಒಂದಿಂಚಿನ ಪೈಪು

ಈ ವಾರ ರೇಸ್ ಟೈರಿನ ರಬ್ಬರ್ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಟಿಪ್ಪಣಿಯೂ ತಯಾರಿತ್ತು. ಅಷ್ಟರಲ್ಲಿ ಮಂಗಳವಾರ ಸಂಜೆ ಪುಣೆಯ ಕೋಥರೂಡದ ನಮ್ಮ ಮನೆಗೆ ಒಬ್ಬ ಹುಡುಗ ಬಂದ. ವಿಜಯಪುರದ ಕಡೆಯವನು, ಪೌಡ್ ರಸ್ತೆಯ ಆಸುಪಾಸಿನ ಕಾಲೇಜೊಂದರಲ್ಲಿ ಮೂರನೇ ವರ್ಷದ ಮೆಕ್ಯಾನಿಕಲ್ ಓದುತ್ತಿದ್ದಾನೆ. ಕಾಲೇಜಿನ ತಂಡದೊಂದಿಗೆ ಫಾರ್ಮುಲಾ ಎಸ್‌ಎಇ ನಿಯಮದ ವಿದ್ಯಾರ್ಥಿ ಸ್ಪರ್ಧೆಗೆ ರೇಸ್ ಕಾರು ಕಟ್ಟುತ್ತಿದ್ದಾನೆ. ಕೈಯಲ್ಲಿ ಲ್ಯಾಪ್‌ಟಾಪ್, ಬಗಲಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಪೈಪಿನ ತುಂಡು.

“ಕಾಕಾ, ಚಾಸಿಸ್ಸಿಂದು ಮಟೀರಿಯಲ್ ಲೆಕ್ಕಾ ಹಾಕೇನ್ರಿ. ಒಮ್ಮೆ ಕಣ್ಣಾಡಿಸ್ರಿ. ನಾಳೆ ಸರ್‌ಗೆ ಕೊಡಬೇಕು.”

ಕಣ್ಣಾಡಿಸಿದೆ. ರಾತ್ರಿ ಹತ್ತೂವರೆಯಾದರೂ ನಾವಿಬ್ಬರೂ ಮೇಜು ಬಿಟ್ಟು ಎದ್ದಿರಲಿಲ್ಲ. ಟೈರಿನ ವಿಷಯ ಮುಂದಿನ ವಾರಕ್ಕಿರಲಿ.

ಹುಡುಗನ ಹಾಳೆ ಅಚ್ಚುಕಟ್ಟಾಗಿತ್ತು. ಮೇನ್ ಹೂಪ್, ಫ್ರಂಟ್ ಹೂಪ್ ಮತ್ತು ಭುಜದ ಬೆಲ್ಟ್ ಕಟ್ಟುವ ಪಟ್ಟಿಗೆ ಒಂದಿಂಚು ಹೊರವ್ಯಾಸದ, 2.4 ಮಿಲಿಮೀಟರ್ ದಪ್ಪದ ಪೈಪು, 5.05 ಮೀಟರ್, 6.87 ಕಿಲೊ. ಪಕ್ಕದ ರಕ್ಷಣೆ, ಮುಂದಿನ ಬಲ್ಕ್‌ಹೆಡ್, ಹೂಪಿನ ಆಸರೆ ಕಾಲುಗಳಿಗೆ ಅದೇ ಒಂದಿಂಚಿನ, 1.65 ದಪ್ಪದ ಪೈಪು, 18 ಮೀಟರ್, 17.39 ಕಿಲೊ. ತೂಕವನ್ನು ಕಿಲೊ ದರದಿಂದ ಗುಣಿಸಿ ಕೆಳಗೆ ಮೊತ್ತ ಬರೆದಿದ್ದ. ಗುಣಾಕಾರದಲ್ಲಿ ಒಂದೂ ತಪ್ಪಿಲ್ಲ. ಆದರೆ ಅದು ಕಾರು ಪೂರ್ತಿಯಾಗಿ ನಿಂತ ಮೇಲೆ ಅದರ ಮೈಮೇಲೆ ಎಷ್ಟು ಉಕ್ಕು ಉಳಿದಿರುತ್ತದೆ ಎಂಬ ಲೆಕ್ಕ. ಅಂಗಡಿಯವನಿಗೆ ಎಷ್ಟು ದುಡ್ಡು ಎಣಿಸಬೇಕು ಎಂಬ ಲೆಕ್ಕವಲ್ಲ. ಮೂವತ್ತು ವರ್ಷ ಭೋಸರಿಯ ವರ್ಕ್‌ಶಾಪುಗಳಲ್ಲಿ ಕಾಸ್ಟಿಂಗ್, ಅಂದರೆ ಖರ್ಚಿನ ಲೆಕ್ಕ, ಮಾಡಿದವನಿಗೆ ಈ ಎರಡರ ನಡುವಿನ ಅಂತರ ಕಂಪ್ಯೂಟರ್ ಪರದೆಯ ಮೇಲೆ ಎಂದೂ ಕಾಣಲಿಲ್ಲ. ಕಂಡದ್ದೆಲ್ಲ ಗೋದಾಮಿನ ನೆಲದ ಮೇಲೆ.

“ಹದಿನೆಂಟ ಮೀಟರ್ ಪೈಪ ಯಾವ ಅಂಗಡ್ಯಾಗ ಅಳದು ಕೊಡ್ತಾರೋ ತಮ್ಮಾ?”

“ಮೂರು ಪೈಪ ತಂದ್ರ ಆತಲ್ರಿ ಕಾಕಾ. ಆರ ಮೂರ್ಲೆ ಹದಿನೆಂಟು.”

“ಹಂಗಾದ್ರ ನಿನ್ನ ನಲವತ್ತು ತುಂಡನ್ನೂ ಆ ಮೂರು ಪೈಪಿನಾಗ ಕೂಡಿಸಿ ತೋರಸು.”

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಎಳೆದೆವು. ಆರು ಮೀಟರಿನ ಒಂದು ಪೈಪಿಗೆ 60 ಸೆಂಟಿಮೀಟರಿನ ಗೆರೆ, ಹತ್ತು ಸೆಂಟಿಮೀಟರಿಗೆ ಒಂದರಂತೆ. ತುಂಡುಗಳನ್ನು ಉದ್ದದಿಂದ ಗಿಡ್ಡಕ್ಕೆ ಇಳಿಸುತ್ತ ಒಂದೊಂದಾಗಿ ಗೆರೆಯ ಮೇಲೆ ಕೂಡಿಸುತ್ತ ಹೋದ. ಪೈಪಿಗೆ ಪೈಪು ಸೇರುವಲ್ಲಿ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕಲ್ಲ, ಆ ಕೊರೆತದಲ್ಲಿ ಒಂದೊಂದು ತುದಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಹೋಗುತ್ತದೆ. ನಲವತ್ತು ತುಂಡು, ಎಂಬತ್ತು ತುದಿ, ಅಲ್ಲಿಗೇ ಎರಡು ಮೀಟರ್. ಗರಗಸದ ಬಾಯಿಗೆ ಹೋಗುವ ಮಿಲಿಮೀಟರುಗಳು ಬೇರೆ. ನಾಲ್ಕನೇ ಪೈಪು ತರಲೇಬೇಕಾಯಿತು. 24 ಮೀಟರ್, 23.2 ಕಿಲೊ. ಹಾಳೆಯಲ್ಲಿ ಬರೆದದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಮೇಲೆ ಶೇಕಡಾ 18 ಜಿಎಸ್‌ಟಿ, ಅದನ್ನೂ ಅವನು ಹಿಡಿದಿರಲಿಲ್ಲ.

2.4ರ ಪೈಪಿನದು ಇನ್ನೂ ಸ್ವಾರಸ್ಯದ ಸಂಗತಿ. ಮೇನ್ ಹೂಪನ್ನು ಎಲ್ಲೂ ಕತ್ತರಿಸದ, ಬೆಸುಗೆ ಹಾಕಿ ಜೋಡಿಸದ ಒಂದೇ ಪೈಪಿನಿಂದ ಬಗ್ಗಿಸಬೇಕು ಎಂದು ನಿಯಮವಿದೆ. ಗಾಡಿ ಮಗುಚಿದಾಗ ಚಾಲಕನ ತಲೆ ಕಾಯುವುದು ಅದೇ. ಇವರ ಹೂಪು 2.6 ಮೀಟರ್, ಮುಂದಿನದು 1.9. ಬಗ್ಗಿಸುವ ಮಷಿನ್ ಹಿಡಿದುಕೊಳ್ಳಲು ಎರಡೂ ತುದಿಗೆ ಒಂದು ಗೇಣಿನಷ್ಟು ನೆಟ್ಟನೆಯ ಪೈಪು ಹೆಚ್ಚಿಗೆ ಬೇಕು. ಹೂಪಿನ ಕಾಲು ಗಿಡ್ಡವಾದರೆ ಆ ಗೇಣು ಆಮೇಲೆ ಕತ್ತರಿಸಿ ಎಸೆಯುವ ಮಾಲು. ಜಾಣತನದಿಂದ ಹಚ್ಚಿದರೆ ಎರಡೂ ಹೂಪು ಮತ್ತು ಬೆಲ್ಟಿನ ಪಟ್ಟಿ ಒಂದೇ ಆರು ಮೀಟರಿನ ಪೈಪಿನಲ್ಲಿ ಹುಟ್ಟುತ್ತವೆ. ಹುಡುಗನ ಮುಖ ಅರಳಿತು. ಆದರೂ ಎರಡು ಪೈಪು ಬರೆ ಅಂದೆ. ಮೊದಲ ಸಲ ಬಗ್ಗಿಸುವವರ ಕೈಯಲ್ಲಿ ಒಂದು ಹೂಪು ಮಡಿಕೆಯಲ್ಲಿ ಸುಕ್ಕಾಗಿ ಹಾಳಾಗುವುದು ಮಾಮೂಲು. ಸ್ಪರ್ಧೆಗೆ ಹತ್ತು ದಿನ ಇರುವಾಗ ಅದೇ ಅಳತೆಯ ಪೈಪಿಗಾಗಿ ಊರೆಲ್ಲ ಅಲೆಯುವುದಕ್ಕಿಂತ ಈಗಲೇ ಎಂಟು ಕಿಲೊ ಉಕ್ಕು ಹೆಚ್ಚಿಗೆ ತಂದಿಡುವುದು ಅಗ್ಗ.

ಇಲ್ಲಿ ಹಳೆಯ ಜಗಳವೊಂದನ್ನು ಮತ್ತೆ ಎತ್ತುತ್ತೇನೆ. ಹುಡುಗನ ಹಾಳೆಯ ಕೊನೆಯಲ್ಲಿ ಒಂದು ಷರಾ ಇತ್ತು: “ಸಾಧ್ಯವಾದರೆ 4130.” ಕ್ರೋಮೊಲಿ ಉಕ್ಕು. ಸೀನಿಯರ್‌ಗಳು ಹೇಳಿದ್ದಂತೆ. ಪುಣೆಯ ಕಾಲೇಜು ತಂಡಗಳಲ್ಲಿ ಈ ಕ್ರೋಮೊಲಿ ಪಂಗಡ ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತದೆ. ಹೊರದೇಶದ ಗಾಡಿಗಳ ಚಿತ್ರ ನೋಡಿ ಉಕ್ಕಿನ ಹೆಸರಿಗೆ ಮಾರುಹೋಗುವುದು ಇವರ ಕತೆ. ಚೌಕಟ್ಟಿಗೆ ಬೇಕಾದ್ದು ಬಿಗಿತ, ತಿರುಚಿದರೆ ತಿರುಚಿಕೊಳ್ಳದ ಗುಣ. ಆ ಬಿಗಿತಕ್ಕೆ ಆಧಾರವಾದ ಸ್ಥಿತಿಸ್ಥಾಪಕ ಗುಣಾಂಕ ಸಾದಾ ಉಕ್ಕಿಗೂ ಕ್ರೋಮೊಲಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಒಂದೇ ಅಳತೆಯ ಪೈಪಿನಲ್ಲಿ ಎರಡು ಚೌಕಟ್ಟು ಕಟ್ಟಿದರೆ ಎರಡೂ ಒಂದೇ ಸಮ ತಿರುಚಿಕೊಳ್ಳುತ್ತವೆ. ಕ್ರೋಮೊಲಿಗೆ ಹೆಚ್ಚಿನ ತಡೆಬಲವಿದೆ, ಆದ್ದರಿಂದ ತೆಳುವಾದ ಪೈಪು ಹಾಕಬಹುದು ಎನ್ನುತ್ತಾರೆ. ನಿಯಮ ಅದನ್ನೂ ಒಪ್ಪುವುದಿಲ್ಲ. ಫಾರ್ಮುಲಾ ಎಸ್‌ಎಇ ಎಲ್ಲ ಉಕ್ಕಿಗೂ ಲೆಕ್ಕದಲ್ಲಿ ಒಂದೇ ತಡೆಬಲ ಹಿಡಿಯುತ್ತದೆ, ಬೆಸುಗೆಯ ಹತ್ತಿರ ಇನ್ನೂ ಕಡಿಮೆ. ಹಾಗಾದರೆ ಹಲವು ಪಟ್ಟು ದುಡ್ಡು ಕೊಟ್ಟು ತಂದ ಪೈಪಿನಿಂದ ಚೌಕಟ್ಟಿಗೆ ಸಿಕ್ಕದ್ದೇನು? ಸಸ್ಪೆನ್ಷನ್ ತೋಳುಗಳಿಗೆ ಕ್ರೋಮೊಲಿ ಹಾಕುವುದಕ್ಕೆ ನನ್ನ ತಕರಾರಿಲ್ಲ, ಅಲ್ಲಿ ತಡೆಬಲಕ್ಕೆ ಕೆಲಸವಿದೆ. ಚೌಕಟ್ಟಿಗೆ ಬೇಡ. ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ.

ಆಮೇಲೆ ಹುಡುಗ ಪೇಪರ್ ಬಿಚ್ಚಿ, ತಂದಿದ್ದ ಪೈಪಿನ ತುಂಡನ್ನು ತೆಗೆದ. ಅಂಗಡಿಯವರು ಕೊಟ್ಟ ಸ್ಯಾಂಪಲ್. 1.65 ಅಂತ ಚೀಟಿ ಅಂಟಿಸಿತ್ತು. ವರ್ನಿಯರ್ ಹಿಡಿದು ನೋಡಿದ್ದಾನೆ, 1.65 ಬಂದಿದೆ. ನಾನು ತುದಿಯ ಮೇಲೆ ಬೆರಳಾಡಿಸಿದೆ. ಕಟಿಂಗ್ ಚಕ್ರ ಎಬ್ಬಿಸಿದ ಒರಟು ಅಂಚು, ಬರ್, ಇನ್ನೂ ಹಾಗೇ ಇತ್ತು. ವರ್ನಿಯರ್ ಅಳೆದದ್ದು ಆ ಬರ್ ಸೇರಿಸಿ. ಅರ ತಂದು ತುದಿ ಉಜ್ಜಿ, ಉದ್ದ ನೋಡಿದೆ, ಸರಿಯಾಗಿ 30 ಸೆಂಟಿಮೀಟರ್. ಅಡಿಗೆಮನೆಯಿಂದ ಹಿಟ್ಟು ತೂಗುವ ಎಲೆಕ್ಟ್ರಾನಿಕ್ ಕಾಟಾ ತಂದು ಮೇಜಿನ ಮೇಲಿಟ್ಟೆ.

ಸೂತ್ರ ಗೊತ್ತೇ ಇದೆ: ಹೊರವ್ಯಾಸದಲ್ಲಿ ದಪ್ಪ ಕಳೆದು, ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿದರೆ ಮೀಟರಿಗೆ ಇಷ್ಟು ಕಿಲೊ. 1.65ಕ್ಕೆ 0.966 ಕಿಲೊ, ಅಂದರೆ 30 ಸೆಂಟಿಮೀಟರಿಗೆ 290 ಗ್ರಾಂ. ಕಾಟಾ ತೋರಿಸಿದ್ದು 265. ತಿರುಗಿಸಿಟ್ಟು ನೋಡಿದೆವು, ಅಷ್ಟೇ. ಹಿಂದಕ್ಕೆ ಲೆಕ್ಕ ಹಾಕಿದರೆ ದಪ್ಪ 1.5 ಮಿಲಿಮೀಟರ್. ಆ ಜಾಗದ ಪೈಪಿಗೆ ನಿಯಮ ಕೇಳುವುದು ಕನಿಷ್ಠ 114 ಚದರ ಮಿಲಿಮೀಟರಿನ ಅಡ್ಡಕೊಯ್ತ. ಒಂದಿಂಚಿನ 1.5ರ ಪೈಪಿನಲ್ಲಿ ಅದು 112.6. ಚಾಲಕನ ಪಕ್ಕೆಯ ಹತ್ತಿರ ಕೂರಬೇಕಾದ ಪೈಪು ಒಂದೂವರೆ ಚದರ ಮಿಲಿಮೀಟರಿನಷ್ಟು ಕಡಿಮೆ ಬಿದ್ದು, ಇಡೀ ಗಾಡಿ ತಪಾಸಣೆಯಲ್ಲೇ ನಿಲ್ಲಬಹುದಿತ್ತು. ಹೂಪುಗಳಿಗಂತೂ 4.5 ಮಿಲಿಮೀಟರಿನ ತೂತು ಕೊರೆಸಿಟ್ಟು ದಪ್ಪ ಅಳೆಯುತ್ತಾರೆ.

ಹುಡುಗ ಸುಮ್ಮನೆ ಕುಳಿತ. ನಂತರ ಕೇಳಿದ: “ಕಾಕಾ, ತೂಕಾ ಮಾಡೋದು ನನಗ ಯಾಕ ಹೊಳೀಲಿಲ್ಲ?”

ಹೊಳೆಯುವುದಿಲ್ಲ, ಯಾಕೆಂದರೆ ಕಾಲೇಜಿನಲ್ಲಿ ಸ್ಪರ್ಧೆಗೆ ಕೊಡುವ ಖರ್ಚಿನ ವರದಿ, ಕಾಸ್ಟ್ ರಿಪೋರ್ಟ್, ಅಂದರೆ ಗುಮಾಸ್ತಿಕೆ ಎಂಬ ಭಾವನೆ. ಡಿಸೈನ್ ಮಾಡುವವರು ಮೇಲು, ಕಚ್ಚಾಮಾಲಿನ ಲೆಕ್ಕ ಬರೆಯುವವರು ಕೆಳಗೆ. ಹೊಸದಾಗಿ ಸೇರಿದವರ ತಲೆಗೆ ಇದನ್ನು ಕಟ್ಟುತ್ತಾರೆ. ಅಮೆರಿಕದ ಫಾರ್ಮುಲಾ ಎಸ್‌ಎಇ ಅಂಕಪಟ್ಟಿ ತೆಗೆದು ನೋಡಿ. ಒಟ್ಟು ಸಾವಿರ ಅಂಕ. 75 ಮೀಟರ್ ನೇರ ಓಟದ ಆಕ್ಸಲರೇಶನ್‌ಗೆ 100. ಕಾಸ್ಟ್‌ಗೂ ಅದೇ 100. ಸ್ಕಿಡ್‌ಪ್ಯಾಡ್ ಎಂಬ ತಿರುವಿನ ಓಟಕ್ಕೆ 75. ನೇರ ಓಟದಲ್ಲಿ ಒಂದು ಸೆಕೆಂಡಿನ ಹತ್ತನೇ ಭಾಗ ಉಳಿಸಲು ಆರು ತಿಂಗಳು ಒದ್ದಾಡುವ ತಂಡ, ಕಾಸ್ಟ್‌ಗೆ ಕೊನೆಯ ಒಂದು ವಾರ ಕೊಡುತ್ತದೆ. 1981ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಹುಟ್ಟಿದ ಈ ಸ್ಪರ್ಧೆಯ ಮೂಲ ಕಲ್ಪನೆಯೇ ವ್ಯಾಪಾರದ್ದು: ಒಂದು ಕಂಪನಿ ವಾರಾಂತ್ಯದ ಹವ್ಯಾಸಿ ಓಟಗಾರರಿಗೆ ಮಾರಲು ಒಂದು ಮಾದರಿ ಕಾರು ಮಾಡಿಸುತ್ತಿದೆ, ಅದನ್ನು ನೀವು ಮಾಡಿಕೊಡುತ್ತಿದ್ದೀರಿ. ಬೆಲೆ ಗೊತ್ತಿಲ್ಲದ ಮಾದರಿಯನ್ನು ಯಾವ ಕಂಪನಿ ತೆಗೆದುಕೊಳ್ಳುತ್ತದೆ?

ಇನ್ನೊಂದು ಗೊಂದಲ. ಸ್ಪರ್ಧೆಯ ರಿಪೋರ್ಟಿನಲ್ಲಿ ಸಂಘಟಕರೇ ಕೊಟ್ಟ ದರಪಟ್ಟಿ ಹಿಡಿಯಬೇಕು. 2009ರಿಂದ ಫಾರ್ಮುಲಾ ಎಸ್‌ಎಇ ಇದನ್ನು ತಂದಿತು. ಒಂದು ದೇಶದಲ್ಲಿ ಕೂಲಿ ಅಗ್ಗ, ಇನ್ನೊಂದರಲ್ಲಿ ತುಟ್ಟಿ ಎಂಬ ವ್ಯತ್ಯಾಸ ಅಳಿಸಲೆಂದು ಮಾಡಿದ್ದು, ಸರಿಯಾದದ್ದೇ. ಆದರೆ ಹುಡುಗರು ಆ ಪಟ್ಟಿಯ ದರವನ್ನೇ ಪೇಟೆಯ ದರವೆಂದು ಭಾವಿಸುತ್ತಾರೆ. ಪ್ರಾಯೋಜಕರು ಪುಕ್ಕಟೆ ಕೊಟ್ಟದ್ದನ್ನು ಸೊನ್ನೆ ಎಂದು ಬರೆಯುತ್ತಾರೆ. ರಿಪೋರ್ಟಿನಲ್ಲಿ ಪುಕ್ಕಟೆ ಬಂದದ್ದಕ್ಕೂ ಪೂರ್ತಿ ಬೆಲೆ ಹಾಕಬೇಕು. ತಂಡದ ಖರ್ಚಿನ ಪುಸ್ತಕ ಬೇರೆ ಇಡಬೇಕು, ಅದರಲ್ಲಿ ಇಲ್ಲಿನ ಬೋಹರಿ ಆಳಿ ಪೇಟೆಯ ಅಂಗಡಿಯವನ ಬಿಲ್ಲು, ಟೆಂಪೋ ಬಾಡಿಗೆ, ಆರ್ಗಾನ್ ಸಿಲಿಂಡರಿನ ಠೇವಣಿ ಎಲ್ಲ ಇರಬೇಕು. ಎರಡು ಪುಸ್ತಕ, ಎರಡೂ ಸತ್ಯ. ಒಂದರ ಅಂಕಿಯನ್ನು ಇನ್ನೊಂದಕ್ಕೆ ತಂದು ಕೂಡಿಸಿದರೆ ಎರಡೂ ಕೆಡುತ್ತವೆ.

ಹೊರಡುವ ಮುಂಚೆ ಹುಡುಗ ಕೇಳಿದ ಪ್ರಶ್ನೆಯಿಂದ ನಾನು ಬರೆಯಬೇಕೆಂದಿದ್ದ ಜಾಡು ಪೂರ್ತಿ ತಪ್ಪಿತು. “ಉಳಿದ ತುಂಡು, ಚಿಪ್ಸು ಎಲ್ಲಾ ಭಂಗಾರಕ್ಕ ಹಾಕಿದ್ರ ಎಷ್ಟ ಬರ್ತದ್ರಿ?”

ಭಂಗಾರ. ನಮ್ಮಲ್ಲಿ ಗುಜರಿ ಅನ್ನುವುದಕ್ಕೆ ಇಲ್ಲಿನ ಮರಾಠಿಯ ಮಾತು. ಪುಣೆಗೆ ಬಂದ ಹೊಸತರಲ್ಲಿ ಗಲ್ಲಿಯಲ್ಲಿ ಕೈಗಾಡಿಯವನು “ಭಂಗಾರ, ಭಂಗಾರ” ಎಂದು ಕೂಗುತ್ತ ಹೋದರೆ ನನ್ನ ತಾಯಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕನ್ನಡದ ಕಿವಿಗೆ ಅದು ಬಂಗಾರ. ಒಂದು ಮಹಾಪ್ರಾಣದಷ್ಟು ಅಂತರ. ಆ ಅಂತರವೇ ಕಚ್ಚಾಮಾಲಿನ ಲೆಕ್ಕ ಎಂದು ನನಗೆ ಈಗ ಅನ್ನಿಸುತ್ತದೆ.

ಅಥಣಿಯಲ್ಲಿ ನಮ್ಮ ಓಣಿಯ ಪತ್ತಾರರು, ಅಂದರೆ ಅಕ್ಕಸಾಲಿಗರು, ಕೆಲಸ ಮಾಡುವುದನ್ನು ಗಂಟೆಗಟ್ಟಲೆ ನೋಡುತ್ತ ಕೂತಿದ್ದೇನೆ. ತೊಡೆಯ ಮೇಲೆ ಚರ್ಮದ ತುಂಡು ಹಾಸಿಕೊಂಡಿರುತ್ತಿದ್ದರು. ಅರ ಉಜ್ಜಿದ ಪುಡಿ ಒಂದು ಕಣವೂ ನೆಲಕ್ಕೆ ಬೀಳಬಾರದು. ಏಳುವ ಮುಂಚೆ ಕೂದಲಿನ ಕುಂಚದಿಂದ ಅಂಗೈ, ಉಗುರಿನ ಸಂದು, ಇಕ್ಕಳದ ಹಲ್ಲು ಎಲ್ಲವನ್ನೂ ಆ ಚರ್ಮದ ಮೇಲೆಯೇ ಉದುರಿಸಿಕೊಳ್ಳುತ್ತಿದ್ದರು. ಅಂಗಡಿಯ ಕಸವನ್ನೂ ಚೀಲದಲ್ಲಿ ಕೂಡಿಡುತ್ತಿದ್ದರು, ಅದನ್ನು ಕೊಂಡು ತೊಳೆಯುವವರೇ ಬೇರೆ ಇದ್ದರು. ಮಗಳ ಮದುವೆಗೆ ಬಳೆ ಮಾಡಿಸುವ ಯಾವ ತಾಯಿಗೂ ವೇಸ್ಟೇಜ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕೊಟ್ಟ ಬಂಗಾರ ಎಷ್ಟು, ಬಳೆಯ ತೂಕ ಎಷ್ಟು, ನಡುವೆ ಹೋದದ್ದೆಷ್ಟು, ಅದರ ದುಡ್ಡು ಯಾರ ತಲೆಯ ಮೇಲೆ, ಎಲ್ಲ ಬಾಯಿಪಾಠ. ಆ ತಾಯಿಯ ಮಗ ಎಂಜಿನಿಯರಿಂಗ್ ಓದಿ ಕಾರು ಕಟ್ಟಲು ಕೂತರೆ ಬಳೆಯ ತೂಕ ಒಂದನ್ನೇ ಬರೆಯುತ್ತಾನೆ.

ಇದಕ್ಕೆ ಗಣಿತ ನಮ್ಮಲ್ಲೇ ಇದೆ. ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಿಗೆ ತಂದರು. ನನ್ನ ಕಪಾಟಿನ ಮೇಲಿನ ಸಾಲಿನಲ್ಲಿ ಇರುವ ಪುಸ್ತಕ ಅದು. ಅದರಲ್ಲಿ ಸುವರ್ಣಕುಟ್ಟೀಕಾರ ಎಂದು ಬಂಗಾರ ಬೆರೆಸುವ ಲೆಕ್ಕದ ಭಾಗವೇ ಇದೆ. ಹದಿನಾರು ವರ್ಣವೆಂದರೆ ಅಪ್ಪಟ. ತೂಕವನ್ನು ವರ್ಣದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಬೆರಕೆಯ ವರ್ಣ. ನಾನು ಹುಡುಗನಿಗೆ ಹಾಕಿಕೊಟ್ಟ ಉದಾಹರಣೆ ಇದು: 14 ವರ್ಣದ 5 ತೊಲ, 10 ವರ್ಣದ 3 ತೊಲ ಕರಗಿಸಿದರೆ? ಎಪ್ಪತ್ತು ಮತ್ತು ಮೂವತ್ತು, ಕೂಡಿದರೆ ನೂರು. ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ವರ್ಣ. ಇನ್ನು ಅದನ್ನು ಬೆಂಕಿಗೆ ಹಾಕಿ ಅಪ್ಪಟ ಹದಿನಾರಕ್ಕೆ ತಂದರೆ? ನೂರು ಹಾಗೇ ಇರುತ್ತದೆ, ಹದಿನಾರರಿಂದ ಭಾಗಿಸಿದರೆ ಆರೂಕಾಲು ತೊಲ. ಬೆಂಕಿಗೆ ಹೋದದ್ದು ಒಂದೂಮುಕ್ಕಾಲು. ಭಾಸ್ಕರಾಚಾರ್ಯನ ‘ಲೀಲಾವತಿ’ಯೂ ಪುಟವಿಟ್ಟ ಬಂಗಾರಕ್ಕೆ ಇದನ್ನೇ ಹೇಳುತ್ತದೆ: ಮೇಲಿನ ಮೊತ್ತ ಕದಲುವುದಿಲ್ಲ, ಉಳಿದ ತೂಕದಿಂದ ಭಾಗಿಸು.

ಉಳಿದ ತೂಕದಿಂದ ಭಾಗಿಸು. ಈ ಮಾತು ಹುಡುಗನಿಗೆ ಹಿಡಿಸಿತು. ತಾನೇ ಮುಂದಿನ ಹಾಳೆ ತೆರೆದ. ಚಕ್ರ ಹಿಡಿಯುವ ಅಪ್‌ರೈಟ್‌ಗಳು, ನಾಲ್ಕು, ಅಲ್ಯೂಮಿನಿಯಂ, ಒಂದೊಂದು 700 ಗ್ರಾಂ, ಒಟ್ಟು 2.8 ಕಿಲೊ ಎಂದು ಬರೆದಿದ್ದ. ಅದನ್ನು ಕೊರೆಯಲು ಬೇಕಾದ ದಿಮ್ಮಿ 200, 120, 50 ಮಿಲಿಮೀಟರಿನದು. 1,200 ಘನ ಸೆಂಟಿಮೀಟರ್, ಸಾಂದ್ರತೆ 2.7, ಅಂದರೆ ಒಂದಕ್ಕೆ 3.24 ಕಿಲೊ. ನಾಲ್ಕಕ್ಕೆ ಹದಿಮೂರು ಕಿಲೊಗೆ ಸ್ವಲ್ಪ ಕಡಿಮೆ. ಲೆಕ್ಕಕ್ಕೆಂದು ಕಿಲೊಗೆ 400 ರೂಪಾಯಿ ಹಿಡಿದೆವು. 5,184 ರೂಪಾಯಿ. ಉಳಿದ 2.8ರಿಂದ ಭಾಗಿಸಿದರೆ ಗಾಡಿಯ ಮೇಲೆ ಕೂತ ಅಲ್ಯೂಮಿನಿಯಮ್ಮಿನ ನಿಜವಾದ ದರ ಕಿಲೊಗೆ 1,851. ಕೊಂಡ ದರದ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಅವನ ಹಾಳೆ ಹೇಳಿದ್ದು 1,120 ರೂಪಾಯಿ ಒಟ್ಟು.

“ಹತ್ತು ಕಿಲೊ ಚಿಪ್ಸ್ ಅದಾವಲ್ರಿ, ಅದರದು?”

ಅದರದು ಪತ್ತಾರರ ಚರ್ಮದ ತುಂಡಿನ ಮಾತು. ಮಷಿನ್ ಕೆಳಗಿನ ತಟ್ಟೆ ಒರೆಸಿ, ಅಲ್ಯೂಮಿನಿಯಂ ಒಂದನ್ನೇ ಬೇರೆ ಚೀಲದಲ್ಲಿ ತುಂಬಿದರೆ ಗುಜರಿಯವನು ಒಳ್ಳೆಯ ದರ ಕೊಡುತ್ತಾನೆ. ಉಕ್ಕಿನ ಚಿಪ್ಸು, ಕೂಲಂಟಿನ ಎಣ್ಣೆನೀರು ಬೆರೆತರೆ ಕೇಳಿದ್ದಕ್ಕೆ ಕೊಡಬೇಕು. ಜಾಬ್ ಹೊರಗೆ ಕೊಟ್ಟರೆ ಚಿಪ್ಸು ಯಾರದೆಂದು ಮೊದಲೇ ಮಾತಾಡಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ನನ್ನ ಕೆಲಸದ ಮೊದಲ ವರ್ಷದಲ್ಲಿ ಇದನ್ನು ಬರೆಸಿಕೊಳ್ಳದೆ, ಹಿತ್ತಾಳೆ ಜಾಬೊಂದರಲ್ಲಿ ಲಾಭವೆಂದು ತೋರಿಸಿದ್ದಷ್ಟೂ ಜಾಬ್ ಮಾಡಿಕೊಟ್ಟವರ ಚೀಲಕ್ಕೆ ಹೋಗಿತ್ತು. ಅಂದಿನಿಂದ ನನ್ನ ಅಂದಾಜು ಹಾಳೆಯಲ್ಲಿ ನಾಲ್ಕು ಅಂಕಣ: ಕೊಂಡ ತೂಕ, ಉಳಿದ ತೂಕ, ಚೀಲದ ತೂಕ, ಕಾಣೆಯಾದ ತೂಕ. ನಾಲ್ಕನೆಯದು ಸೊನ್ನೆಗೆ ಹತ್ತಿರ ಬರುವ ತನಕ ಸಹಿ ಹಾಕುತ್ತಿರಲಿಲ್ಲ.

ಕೋಥರೂಡದಲ್ಲಿ ಕೂತು ಈ ಮಾತು ಆಡುವುದಕ್ಕೆ ಕಾರಣವಿದೆ. ನಮ್ಮ ಬೆನ್ನಿಗಿರುವ ವೇತಾಳ ಗುಡ್ಡದ ಮೇಲೆ ಎಆರ್‌ಎಐ ಇದೆ, 1966ರಲ್ಲಿ ಶುರುವಾದ ವಾಹನ ಪರೀಕ್ಷೆಯ ಸಂಸ್ಥೆ. ಕೆಳಗೆ 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಎಂಜಿನ್ ಕಾರ್ಖಾನೆ. ಆ ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲು ನಡೆಸಿದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿ. ಮೆಟ್ರೊ ನಿಲ್ದಾಣಕ್ಕೂ ಇಲ್ಲಿ ಕಾರ್ಖಾನೆಯೊಂದರ ಹೆಸರು, ವನಾಜ್. ಇಂಥ ಊರಿನಲ್ಲಿ ಓದುವ ಹುಡುಗರಿಗೆ ಉಕ್ಕಿನ ಪೇಟೆ ಒಂದು ಬಸ್ಸಿನ ದೂರ. ಬುಧವಾರ, ಭಾನುವಾರ ಜೂನಾ ಬಜಾರಿನಲ್ಲಿ ಸುತ್ತಾಡಿದರೆ, ನಾನಾ ಪೇಠದ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ನಿಂತರೆ ಯಾವ ಮಾಲು ಎಷ್ಟು ಉದ್ದದಲ್ಲಿ, ಯಾವ ದಪ್ಪದಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಸಿಗುವ ಅಳತೆಗೆ ಡಿಸೈನ್ ಕೂಡಿಸಿಕೊಂಡರೆ ಖರ್ಚು ತಾನಾಗಿ ಇಳಿಯುತ್ತದೆ. ಬೆಂಗಳೂರಿನ ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಗಾಡಿ ಕಟ್ಟುತ್ತ ಬಂದಿದೆ. ಇಷ್ಟು ವರ್ಷ ಬಾಳುವ ತಂಡಕ್ಕೆ ಹಿಂದಿನವರ ಖರ್ಚಿನ ಪುಸ್ತಕ ಡ್ರಾಯಿಂಗಿನಷ್ಟೇ ದೊಡ್ಡ ಆಸ್ತಿ. ಇಲ್ಲಿ ಹಲವು ತಂಡಗಳಲ್ಲಿ ಸೀನಿಯರ್‌ಗಳು ಡಿಗ್ರಿ ಮುಗಿಸಿ ಹೋಗುವಾಗ ಆ ಪುಸ್ತಕವೂ ಅವರ ಲ್ಯಾಪ್‌ಟಾಪಿನೊಂದಿಗೇ ಹೋಗುತ್ತದೆ.

ಗುರುವಾರ ಹುಡುಗ ಫೋನ್ ಮಾಡಿದ್ದ. ಅಂಗಡಿಗೆ ಕಾಟಾ ತೆಗೆದುಕೊಂಡೇ ಹೋಗಿದ್ದನಂತೆ. ಅಲ್ಲಿದ್ದ ಮೂರು ಬಂಡಲುಗಳಿಂದ ಒಂದೊಂದು ತುಂಡು ತೂಗಿಸಿ, ಒಂದರಲ್ಲಿ 291 ಗ್ರಾಂ ಬಂದದ್ದನ್ನು ಆರಿಸಿದ್ದಾನೆ. ನಾಲ್ಕು ಪೈಪು, ಜೊತೆಗೆ 2.4ರದು ಎರಡು. ಚೌಕಟ್ಟಿಗೆ ಸಾದಾ ಉಕ್ಕು.

ಭೋಸರಿ, ಚಾಕಣ, ಪಿಂಪ್ರಿಗಳಲ್ಲಿ ವರ್ಕ್‌ಶಾಪ್ ನಡೆಸುವ ಓದುಗರಲ್ಲಿ ಒಂದು ಕೇಳಿಕೆ ಇದೆ. ಗೋದಾಮಿನ ಮೂಲೆಯಲ್ಲಿ ಬಿದ್ದಿರುವ ಅಲ್ಯೂಮಿನಿಯಂ ದಿಮ್ಮಿ, ರಾಡಿನ ತುಂಡುಗಳ ಮೇಲೆ ಗ್ರೇಡ್ ಯಾವುದೆಂದು ಪೇಂಟಿನಲ್ಲಿ ಬರೆದಿಡಿ. ಗ್ರೇಡ್ ಗೊತ್ತಿಲ್ಲದ ತುಂಡು ಹುಡುಗರಿಗೆ ಉಪಯೋಗವಿಲ್ಲ, ಅದು ಭಂಗಾರವೇ. ಯಾವುದಾದರೂ ಕಾಲೇಜಿನ ತಂಡದವರು ಬಂದು ಕೇಳಿದರೆ ತೂಗಿ ಕೊಡಿ, ಪುಕ್ಕಟೆ ಕೊಟ್ಟರೂ ತೂಕ ಮತ್ತು ದರ ಬರೆದ ಒಂದು ಚೀಟಿ ಕೊಡಿ.